ಬೆರಳಲ್ಲ ಭಾವ, ಮೋಟರ್

ಮೋಟರ್ ವೈಂಡಿಂಗ್ ಮಾಡುವವನಿಗೆ ಕಿವಿಯೇ ಬಂಡವಾಳ ಎಂದು ಅವನು ಅಂಗಡಿಗೆ ಬಂದವರ ಮುಂದೆಲ್ಲ ಕೊಚ್ಚಿಕೊಳ್ಳುತ್ತಿದ್ದ. ಅದು ಬರೀ ಬಡಾಯಿಯೂ ಆಗಿರಲಿಲ್ಲ ಅನ್ನಿ. ಕೆಟ್ಟ ಮಿಕ್ಸಿ ತಂದವರು ಬಾಯಿ ಬಿಡುವ ಮೊದಲೇ ಸ್ವಿಚ್ ಹಾಕಿ, ತಲೆ ಓರೆ ಮಾಡಿ ಒಂದು ಗಳಿಗೆ ಕೇಳಿ, "ಕಾಯಿಲ್ ಚೆನ್ನಾಗಿದೆ, ಬುಶ್ ಸವೆದಿದೆ, ಸಂಜೆ ಬನ್ನಿ" ಎಂದುಬಿಡುವನು. ಸಂಜೆಗೆ ಅದು ಸರಿಯಾಗಿಯೂ ಇರುತ್ತಿತ್ತು. ಪಂಪು, ಫ್ಯಾನು, ಲೇತು, ಆಸ್ಪತ್ರೆಯ ಲಿಫ್ಟು, ಇಪ್ಪತ್ತೆರಡು ವರ್ಷದಲ್ಲಿ ಅವನ ಕೈಗೆ ಬಾರದ ಮೋಟರ್ ಇಲ್ಲ. ಬೀದಿಯವರು ಅವನನ್ನು ವೈಂಡರ್ ಎಂದೇ ಕರೆಯುತ್ತಿದ್ದರು. ಇಂಥ ಕಿವಿಯವನು, ಒಡಹುಟ್ಟಿದ ಅಕ್ಕ ಎದುರಿಗೆ ನಿಂತು ಹೇಳಿದ ಮಾತನ್ನು ಮಾತ್ರ ತಿಂಗಳುಗಟ್ಟಲೆ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಕ್ಕನ ಗಂಡ, ಅಂದರೆ ಅವನ ಭಾವ, ಹಲ್ಲಿನ ಸೆಟ್ಟು ಮಾಡುವವರು. ಹಲ್ಲಿನ ಡಾಕ್ಟರು ಅಳತೆ ತೆಗೆದು ಕಳಿಸಿದ ಅಚ್ಚಿನ ಮೇಲೆ ಮೇಣ ಎರೆದು, ಒಂದೊಂದೇ ಹಲ್ಲನ್ನು ಚಿಮಟದಿಂದ ಕೂರಿಸಿ, ಮೇಲಿನ ಸಾಲು ಕೆಳಗಿನ ಸಾಲಿಗೆ ಕೂದಲೆಳೆಯಷ್ಟೂ ತಪ್ಪದ ಹಾಗೆ ಜೋಡಿಸುವ ಕೆಲಸ. ಮನೆಯ ಮುಂದಿನ ಕೋಣೆಯಲ್ಲಿ ಕಿಟಕಿಗೆ ಒತ್ತಿ ಹಾಕಿದ ಮೇಜೇ ಅವರ ಕಾರ್ಖಾನೆ. "ಈ ಊರಿನ ಅರ್ಧ ಮುದುಕರು ನಾನು ಮಾಡಿದ ಹಲ್ಲಲ್ಲೇ ನನ್ನ ಮೇಲೆ ಹಲ್ಲು ಕಡೀತಾರೆ" ಎಂದು ಭಾವ ನಗಿಸುವರು. ಆ ಕೈ ಅವರ ಅನ್ನವೂ ಹೌದು, ಹೆಮ್ಮೆಯೂ ಹೌದು.

ಭಾನುವಾರ ಮಾತ್ರ ಭಾವ ಬೇರೆಯೇ ಮನುಷ್ಯ. ಮುಚ್ಚಿಹೋದ ಗೋದಾಮಿನ ಹಿಂದೆ ಒಂದು ಸಿಮೆಂಟಿನ ಬಯಲಿತ್ತು. ಅಲ್ಲಿ ಹತ್ತು ಹನ್ನೆರಡು ಜನ ಸೇರಿ, ಹಳೆಯ ನೀರಿನ ಪೈಪುಗಳನ್ನು ಅಂಕುಡೊಂಕಾಗಿ ಹಾಸಿ, ರಿಮೋಟ್ ಕಾರುಗಳ ರೇಸು ಬಿಡುತ್ತಿದ್ದರು. ಮೊಳದುದ್ದದ ಕಾರು, ಪಿಸ್ತೂಲಿನಂಥ ರಿಮೋಟು. ಬಲಗೈಯ ತೋರುಬೆರಳು ಟ್ರಿಗರ್ ಒತ್ತಿದಷ್ಟು ಕಾರು ಓಡುತ್ತದೆ, ಎಡಗೈ ಪುಟ್ಟ ಚಕ್ರ ತಿರುಗಿಸಿದ ಕಡೆ ತಿರುಗುತ್ತದೆ. ಭಾವನದು ಅಲ್ಲಿ ಎಲ್ಲರಿಗಿಂತ ಜೋರಾದ ಕಾರೇನೂ ಅಲ್ಲ. ಆದರೆ ಆರು ವರ್ಷ ಅವರ ಕಾರು ಒಂದು ಸಲವೂ ಪೈಪಿಗೆ ತಾಗಿರಲಿಲ್ಲ. ಎಲ್ಲರೂ ಅವರನ್ನು ಹಲ್ಲು ಮೇಷ್ಟ್ರು ಎನ್ನುತ್ತಿದ್ದರು. ಕಾರಿನ ಹೊಟ್ಟೆಯೊಳಗಿನ ಮೋಟರ್ ವೈಂಡರನ ಜವಾಬ್ದಾರಿ, ಬೆರಳು ಭಾವನದು. ಇಬ್ಬರೂ ಸೇರಿ ಗೆದ್ದ ಕಪ್ಪುಗಳನ್ನು ಅಕ್ಕ ಧೂಳು ಒರೆಸಿ ಒರೆಸಿ ಸುಸ್ತಾಗಿದ್ದಳು.

ಒಂದು ಭಾನುವಾರ ಭಾವನ ಕಾರು ಹೊರಡುವಾಗಲೇ ಎರಡು ಸಲ ಮುಗ್ಗರಿಸಿ, ಮೊದಲನೇ ತಿರುವಿನಲ್ಲಿ ಪೈಪಿಗೆ ಹೋಗಿ ಬಡಿಯಿತು. ಭಾವ ತಮ್ಮ ಬೆರಳನ್ನು ಮಡಿಚಿ ಬಿಡಿಸಿ ನೋಡಿಕೊಂಡರು.

"ಬೆರಳು ಯಾಕೋ ಸರಿಯಾಗಿ ಕೂರ್ತಿಲ್ಲ ಕಣೋ" ಎಂದರು. ಆಮೇಲೆ ತಾವೇ ನಕ್ಕು, "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ನಾನು ಹಾಗನ್ನಲ್ಲಪ್ಪ."

"ಇಲ್ಲಿ ನೆಲಾನೇ ಡೊಂಕು" ಎಂದ ವೈಂಡರ್, ಕಾರನ್ನು ಮಗುಚಿ ಹಿಡಿದು. "ಬೆರಳಲ್ಲ ಭಾವ, ಮೋಟರ್."

ಕೇಳಿ, ಅವನು ಹೇಳಿದ್ದರಲ್ಲಿ ಅರ್ಥವಿಲ್ಲದೇ ಇರಲಿಲ್ಲ. ಬ್ರಶ್ ಇಲ್ಲದ ಮೋಟರ್ ಅದು. ಒಳಗಿನ ಅಯಸ್ಕಾಂತ ಯಾವ ಕಡೆ ಮುಖ ಮಾಡಿ ನಿಂತಿದೆ ಎಂದು ತಿಳಿದರೆ ತಾನೇ ಸ್ಪೀಡ್ ಕಂಟ್ರೋಲರ್ ಸರಿಯಾದ ಕಾಯಿಲಿಗೆ ಕರೆಂಟು ಕೊಡುವುದು? ಭಾವನ ಮೋಟರಿಗೆ ಸೆನ್ಸರ್ ಇರಲಿಲ್ಲ. ಕಾರು ಓಡಲು ಶುರುವಾದ ಮೇಲೆ ಕಂಟ್ರೋಲರಿಗೆ ತಾನಾಗಿ ಅಂದಾಜು ಸಿಗುತ್ತದೆ. ನಿಂತಲ್ಲಿಂದ ಏಳುವಾಗ ಮಾತ್ರ ತಡಕಾಡುತ್ತದೆ, ಕಾರು ಬಿಕ್ಕಳಿಸುತ್ತದೆ. ಈ ರೋಗ ಆ ಜಾತಿಯ ಮೋಟರಿಗೆ ಇದ್ದದ್ದೇ. ವೈಂಡರ್ ಅದನ್ನು ಅಷ್ಟು ಚೆನ್ನಾಗಿ ವಿವರಿಸಿದ ಎಂದರೆ ಭಾವನಿಗೆ ತಮ್ಮ ಬೆರಳಿನ ಮೇಲೆ ಮತ್ತೆ ನಂಬಿಕೆ ಬಂತು. ಬೆರಳಿಗೇನೋ ಆಗಿದೆ ಅನ್ನುವುದಕ್ಕಿಂತ ಮೋಟರಿಗೇನೋ ಆಗಿದೆ ಅನ್ನುವುದು ಕೇಳಲು ಹಿತ, ಯಾರಿಗೆ ತಾನೇ ಬೇಡ?

ಸೆನ್ಸರ್ ಇರುವ ಮೋಟರ್ ಬಂತು, ಅದಕ್ಕೆ ಜೋಡಿಯಾದ ಕಂಟ್ರೋಲರ್ ಬಂತು. ಆ ಕಂಟ್ರೋಲರಿಗೊಂದು ಹೊಸ ವಿದ್ಯೆ ಇತ್ತು. ಓಡಿದ್ದನ್ನೆಲ್ಲ ತಾರೀಖಿನ ಸಮೇತ ನೆನಪಿಟ್ಟುಕೊಂಡು ಫೋನಿನಲ್ಲಿ ಗೆರೆ ಎಳೆದು ತೋರಿಸುತ್ತಿತ್ತು. ಕೆಂಪು ಗೆರೆ ಕರೆಂಟು, ನೀಲಿ ಗೆರೆ ಬ್ಯಾಟರಿ, ಹಸಿರು ಗೆರೆ ಶಾಖ. ಹಳದಿಯದೊಂದು ಇತ್ತು, ಟ್ರಿಗರನ್ನು ಎಷ್ಟು ಒತ್ತಿದೆ ಎಂದು ತೋರಿಸುವುದು. ಅದು ಮಿಕ್ಕ ಮೂರರ ಮೇಲೆ ಹಾದು ಕಣ್ಣಿಗೆ ಅಡ್ಡ ಬರುತ್ತಿದ್ದುದರಿಂದ ವೈಂಡರ್ ಮೊದಲ ದಿನವೇ ಅದರ ಟಿಕ್ ತೆಗೆದುಬಿಟ್ಟ. ಭಾವನ ಬೆರಳು ತಾನೇ, ಅದರಲ್ಲಿ ನೋಡುವುದೇನಿದೆ ಅಂದುಕೊಂಡ.

ಹೊಸ ಮೋಟರಿನಲ್ಲಿ ಮೂರು ವಾರ ಕಾರು ಬೆಣ್ಣೆಯ ಹಾಗೆ ಓಡಿತು. ನಾಲ್ಕನೇ ವಾರ ಮತ್ತೆ ಜಗ್ಗಿತು. ವೈಂಡರ್ ಕೆಂಪು ಗೆರೆ ನೋಡಿ, ಮೋಟರ್ ತೀರಾ ಚುರುಕಾಯಿತು ಎಂದು ತೀರ್ಮಾನಿಸಿದ. ಮೋಟರಿನ ಮೈಮೇಲೆ ಕೆವಿ ಎಂದು ಒಂದು ಅಂಕಿ ಬರೆದಿರುತ್ತಾರೆ, ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಅಂತ. ಮೂರು ಸಾವಿರದ ಐನೂರರದ್ದನ್ನು ತೆಗೆದು ಎರಡು ಸಾವಿರದ ನಾನೂರರದ್ದು ಹಾಕಿದ. ಹೋದ ವೇಗವನ್ನು ಸ್ವಲ್ಪವಾದರೂ ಹಿಂದಕ್ಕೆ ತರಲು ಮೋಟರಿನ ತುದಿಯ ಪುಟ್ಟ ಗೇರು ಬದಲಾಯಿಸಬೇಕಾಯಿತು. "ಎಷ್ಟು ಹಲ್ಲಿಂದು ಹಾಕ್ಲಿ? ಹಲ್ಲು ನಿಮ್ಮ ಡಿಪಾರ್ಟ್‌ಮೆಂಟು" ಎಂದು ಭಾವನನ್ನು ಕೇಳಿದ. "ಎರಡು ಹೆಚ್ಚಿಗೆ ಹಾಕು, ಆದ್ರೆ ವಾರಕ್ಕೊಂದ್ಸಲ ಡಾಕ್ಟರಿಗೆ ತೋರಿಸು ಅಂತ ಹೇಳು ಅದಕ್ಕೆ" ಎಂದರು ಭಾವ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅಕ್ಕ ಅಂಗಡಿಗೆ ಬಂದದ್ದು ಅದೇ ವಾರ. ಸುಟ್ಟ ವಾರ್ನಿಶಿನ ವಾಸನೆಗೆ ಮೂಗಿಗೆ ಸೆರಗು ಒತ್ತಿಕೊಂಡು, ಕಾಯಿಲ್ ಬಿಚ್ಚುತ್ತಿದ್ದ ತಮ್ಮನ ಮುಂದೆ ನಿಂತಳು.

"ನಿಮ್ಮ ಭಾವನಿಗೆ ಶರ್ಟಿನ ಗುಂಡಿ ಹಾಕೋಕ್ಕಾಗ್ತಿಲ್ಲ ಕಣೋ. ನಾನು ನೋಡಿದ್ರೆ ಬೇರೆ ಕಡೆ ತಿರುಗ್ತಾರೆ. ಮೊನ್ನೆ ಒಂದು ಸೆಟ್ಟು ವಾಪಸ್ ಬಂತು. ಮುಂದಿನ ಹಲ್ಲೇ ಓರೆ. ಇಪ್ಪತ್ತೆಂಟು ವರ್ಷದಲ್ಲಿ ಒಂದ್ಸಲಾನೂ ಹೀಗಾಗಿಲ್ಲ."

"ಕನ್ನಡಕದ ನಂಬರ್ ಬದಲಾಗಿರುತ್ತೆ ಅಕ್ಕ. ಮೇಜಿನ ಲೈಟೂ ಮಂಕು. ನಾನೇ ಹೊಸದು ತಂದು ಹಾಕ್ತೀನಿ."

"ಲೈಟಲ್ಲ ಕಣೋ. ಕೈ. ಡಾಕ್ಟರ ಹತ್ರ ಹೋಗೋಣ ಅಂದ್ರೆ, ನಿನ್ನ ತಮ್ಮ ಹೇಳಿದ್ದಾನೆ, ಮೋಟರಿಂದು ತೊಂದರೆ ಅಂತಾರೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೀತಿದ್ದೀರ ನೀವಿಬ್ರೂ. ನೀನು ಒಂದು ಮಾತು ಹೇಳೋ. ನಿನ್ನ ಮಾತು ಕೇಳ್ತಾರೆ."

"ಹೇಳ್ತೀನಿ" ಎಂದ ವೈಂಡರ್. ಹೇಳಲಿಲ್ಲ. ಮರೆತನೆಂದಲ್ಲ. ಹೇಳಿದರೆ ತನ್ನ ತೀರ್ಮಾನ ತಪ್ಪು ಎಂದು ಒಪ್ಪಿಕೊಂಡ ಹಾಗಾಗುತ್ತದೆ, ಆ ಬುದ್ಧಿವಂತನಿಗೆ ಅದೊಂದು ಆಗದು.

ಅಕ್ಕ ಬಿಡುವವಳಲ್ಲ. ತಾನೇ ಆಸ್ಪತ್ರೆಗೆ ಹೋಗಿ ನರದ ಡಾಕ್ಟರ ಹತ್ತಿರ ಒಂದು ಶನಿವಾರ ಬೆಳಿಗ್ಗೆ ಹತ್ತಕ್ಕೆ ಚೀಟಿ ಬರೆಸಿ ಬಂದಳು. ಗಂಡನನ್ನು ಹೇಗೋ ಒಪ್ಪಿಸಿದಳು. ಭಾವ ಇಸ್ತ್ರಿ ಮಾಡಿದ ಶರ್ಟು ತೊಟ್ಟು, ಗುಂಡಿಯನ್ನು ಅವಳ ಕೈಲೇ ಹಾಕಿಸಿಕೊಂಡು ಹೊರಟು ನಿಂತಿದ್ದಾಗ ಇವನ ಸ್ಕೂಟರು ಗೇಟಿಗೆ ಬಂದು ನಿಂತಿತು. ಮರುದಿನ ದೊಡ್ಡ ರೇಸು. ನೂರಿಪ್ಪತ್ತು ಆಂಪಿಯರ್ ತಡೆಯುವ, ಹಳೆಯದರಂತೆಯೇ ಫೋನಿಗೆ ಗೆರೆ ಕಳಿಸುವ ಹೊಸ ಕಂಟ್ರೋಲರ್ ಹಿಂದಿನ ದಿನ ತಾನೇ ಬಂದಿತ್ತು. ಇವತ್ತು ಓಡಿಸಿ ನೋಡದಿದ್ದರೆ ನಾಳೆ ಮಾನ ಹೋಗುತ್ತದೆ ಎಂದ.

"ಡಾಕ್ಟರು ಸೋಮವಾರಾನೂ ಇರ್ತಾರೆ ಭಾವ. ಬಯಲು ಇವತ್ತೊಂದೇ ದಿನ ಖಾಲಿ."

ಭಾವ ಹೆಂಡತಿಯ ಮುಖ ನೋಡಿದರು. ಆಮೇಲೆ, ಪಾಠ ತಪ್ಪಿಸಿಕೊಳ್ಳಲು ನೆಪ ಸಿಕ್ಕ ಹುಡುಗನ ಹಾಗೆ ಸ್ಕೂಟರು ಹತ್ತಿದರು. ಆ ಸೋಮವಾರ ಬರಲೇ ಇಲ್ಲ. ಹೊಸ ಕಂಟ್ರೋಲರಿನಲ್ಲಿ ಕಾರು ಚೆನ್ನಾಗಿ ಓಡಿತ್ತಲ್ಲ, ಇನ್ನು ಡಾಕ್ಟರೇಕೆ?

ಓಡದೆ ಏನು ಮಾಡೀತು! ಕಂಟ್ರೋಲರಿನೊಳಗೆ ವೈಂಡರ್ ಕೂತು ಏನೇನು ಬದಲಾಯಿಸಿದ್ದ ಎಂದರೆ, ಟ್ರಿಗರನ್ನು ಅರ್ಧ ಒತ್ತಿದರೂ ಕಾರಿಗೆ ಕಾಲುಭಾಗ ವೇಗ ಮಾತ್ರ ಬರುವ ಹಾಗೆ, ಬೆರಳು ಚೂರು ಅಲುಗಿದರೆ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಹಾಗೆ. ಬೆರಳು ನಡುಗಿದ್ದು ಕಾರಿಗೆ ತಲುಪುತ್ತಲೇ ಇರಲಿಲ್ಲ. ಮೂರು ವಾರ, ನಾಲ್ಕು ವಾರ ನೆಮ್ಮದಿ. ಮತ್ತೆ ಜಗ್ಗಿದಾಗ ಇನ್ನಷ್ಟು ಮೆದು ಮಾಡುವನು. ಅಷ್ಟೂ ದಿನ ಅವನಿಗೆ ತಾನು ಗೆಲ್ಲುತ್ತಿದ್ದೇನೆ ಎಂದೇ ಅನ್ನಿಸುತ್ತಿತ್ತು.

ಎಂಟನೇ ತಿಂಗಳಲ್ಲಿ ಭಾವ ತಮ್ಮ ಮನೆಯ ಮೆಟ್ಟಿಲಿನಲ್ಲೇ ಬಿದ್ದರು. ಮೂಳೆ ಮುರಿದಿರಲಿಲ್ಲ. ಆದರೆ ಎದ್ದು ನಿಂತಾಗ ಕಾಲು ಎರಡೂ ಕೋಲಿನ ಹಾಗೆ ಸೆಟೆದುಕೊಂಡಿದ್ದವು. ಅಕ್ಕ ಯಾರ ಅಪ್ಪಣೆಯನ್ನೂ ಕೇಳದೆ ಆಟೋ ಕರೆದಳು.

ನರದ ಡಾಕ್ಟರು ನಡುವಯಸ್ಸಿನ ಹೆಂಗಸು. ಸ್ಕ್ಯಾನಿನ ಚಿತ್ರವನ್ನು ಬೆಳಕಿಗೆ ಹಿಡಿದು ಮೂವರಿಗೂ ತೋರಿಸಿದರು. ಕುತ್ತಿಗೆಯ ಮೂಳೆ ಬೆಳೆದು ಒಳಗಿನ ಬೆನ್ನುಹುರಿಯನ್ನು ಅಮುಕುತ್ತಿತ್ತು. ಮೊದಲು ಬೆರಳಿನ ಹಿಡಿತ ತಪ್ಪುತ್ತದಂತೆ, ಆಮೇಲೆ ಕಾಲು.

"ಯಾವಾಗ ಶುರುವಾಯ್ತು?" ಎಂದು ಕೇಳಿದರು. "ಸರಿಯಾಗಿ ಯೋಚನೆ ಮಾಡಿ ಹೇಳಿ. ಎಷ್ಟು ದಿನದಿಂದ ಅನ್ನೋದು ಮುಖ್ಯ."

ಭಾವ ತಲೆ ಕೆರೆದುಕೊಂಡರು. ಅಕ್ಕ ಬಾಯಿ ತೆರೆಯುವಷ್ಟರಲ್ಲಿ ವೈಂಡರ್, "ನನ್ನ ಹತ್ರ ಇದೆ ಡಾಕ್ಟ್ರೇ, ತಾರೀಖು ಸಮೇತ" ಎಂದು ಫೋನ್ ತೆಗೆದ. ಆಗಲೂ ನೋಡಿ, ತನಗೆ ಗೊತ್ತು ಎಂದು ತೋರಿಸುವ ಚಪಲ ಹೋಗಿರಲಿಲ್ಲ. ಕಾರಿನ ವಿಷಯ ಎರಡು ಮಾತಿನಲ್ಲಿ ಹೇಳಿ, ಮೊದಲ ತಿಂಗಳ ಓಟ ತೆರೆದು, ಹಳದಿಯ ಮುಂದೆ ಟಿಕ್ ಹಾಕಿದ.

ಮೊದಲನೆಯದರಲ್ಲಿ ಗೆರೆ ಏರಿ ಇಳಿದಿತ್ತು, ಅಲ್ಲಲ್ಲಿ ಸಣ್ಣ ಅಲುಗಾಟ. ಎರಡನೇ ತಿಂಗಳು ಅಲುಗಾಟ ಹೆಚ್ಚು. ಡಾಕ್ಟರು ಫೋನನ್ನು ಅವನ ಕೈಯಿಂದ ತೆಗೆದುಕೊಂಡು ತಾವೇ ಒಂದೊಂದಾಗಿ ಮುಂದಕ್ಕೆ ತಳ್ಳಿದರು. ಐದನೇ ತಿಂಗಳಿಗೆ ಅದು ಗೆರೆಯಾಗಿ ಉಳಿದಿರಲಿಲ್ಲ, ಗರಗಸವಾಗಿತ್ತು. ಎಂಟನೆಯದರಲ್ಲಿ ಬೆರಳು ಒತ್ತಿದ್ದೆಲ್ಲಿ ಬಿಟ್ಟದ್ದೆಲ್ಲಿ ಎಂದೇ ತಿಳಿಯುತ್ತಿರಲಿಲ್ಲ. ಈ ಗೆರೆ ಅವನ ಜೇಬಿನಲ್ಲೇ ಇತ್ತು. ಪ್ರತಿ ಭಾನುವಾರ ಅದನ್ನು ಮುಚ್ಚಿಟ್ಟುಕೊಂಡು ಮಿಕ್ಕ ಮೂರು ಗೆರೆಗಳನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದ್ದ.

"ಇಷ್ಟು ಸ್ಪಷ್ಟವಾಗಿ ನಾನು ಯಾವ ರೋಗಿದೂ ನೋಡಿಲ್ಲ" ಎಂದರು ಡಾಕ್ಟರು. ಅವರೇನೂ ಚುಚ್ಚಿ ಹೇಳಿದ್ದಲ್ಲ. ಎರಡನೇ ತಿಂಗಳ ಕೊನೆಯ ಓಟಕ್ಕೆ ಹಿಂದಿರುಗಿ, ಉಗುರಿನಿಂದ ಮುಟ್ಟಿದರು. "ಈ ಹಂತದಲ್ಲಿ ಬಂದಿದ್ರೆ ಕೈ ಉಳಿಯೋ ಸಾಧ್ಯತೆ ಚೆನ್ನಾಗಿತ್ತು. ಈಗ ಆಪರೇಷನ್ ಮಾಡಿದ್ರೆ ಇನ್ನೂ ಮುಂದಕ್ಕೆ ಹೋಗೋದು ನಿಲ್ಲುತ್ತೆ, ನಡೆದಾಡ್ತಾರೆ. ಹೋಗಿರೋದು ವಾಪಸ್ ಬರುತ್ತೆ ಅಂತ ಸುಳ್ಳು ಹೇಳಲಾರೆ."

ಅಕ್ಕ ಬಗ್ಗಿ ಆ ತಾರೀಖು ಓದಿದಳು. ಅದು ಶನಿವಾರ. "ಅವತ್ತು ಹತ್ತು ಗಂಟೆಗೆ ಇದೇ ರೂಮಿಗೆ ಚೀಟಿ ಬರೆಸಿದ್ದೆ" ಎಂದಳು. ಡಾಕ್ಟರಿಗೆ ಹೇಳಿದಳು, ತಮ್ಮನ ಕಡೆ ತಿರುಗಲಿಲ್ಲ.

ಭಾವ, ನಗಲು ನೋಡಿ ಆಗದೆ, "ಹಾಗಾದ್ರೆ ಮೋಟರ್ ಚೆನ್ನಾಗೇ ಇತ್ತು ಅನ್ನು" ಎಂದರು. ವೈಂಡರನಿಗೆ ಭೂಮಿ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು.

ಆಪರೇಷನ್ ಆಯಿತು. ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು ಭಾವ ಮನೆಗೆ ಬಂದರು. ಕೋಲು ಹಿಡಿದು ಹಿತ್ತಿಲವರೆಗೆ ನಡೆದರು. ಕಾಲು ಒಂದಿಷ್ಟು ಸಡಿಲವಾಯಿತು. ಬೆರಳಿನ ನಡುಕ ನಿಂತಿತು, ಆದರೆ ಬೆರಳಿಗೆ ಏನು ಹಿಡಿದಿದ್ದೇನೆ ಎಂಬ ಅರಿವೂ ಇರಲಿಲ್ಲ. ಲೋಟ ಕೊಟ್ಟರೆ ನೋಡಿಕೊಂಡೇ ಹಿಡಿಯಬೇಕು. ಮೂರು ತಿಂಗಳು ಕಾದು ಹಲ್ಲಿನ ಡಾಕ್ಟರುಗಳು ಅಚ್ಚುಗಳನ್ನು ಬೇರೆ ಕಡೆ ಕಳಿಸಲು ಶುರು ಮಾಡಿದರು. ಒಂದು ದಿನ ಅಕ್ಕ ಮೇಣದ ದೀಪ, ಚಿಮಟ, ಹಲ್ಲಿನ ಡಬ್ಬಿಗಳನ್ನೆಲ್ಲ ಒಂದು ರಟ್ಟಿನ ಪೆಟ್ಟಿಗೆಗೆ ತುಂಬಿ, ಪಕ್ಕದ ಬೀದಿಯ ಇನ್ನೊಬ್ಬ ಸೆಟ್ಟು ಮಾಡುವವನಿಗೆ ಕೊಟ್ಟು ಬಂದಳು. ಭಾವ ಅವತ್ತೆಲ್ಲ ಮಲಗುವ ಕೋಣೆಯಿಂದ ಹೊರಗೆ ಬರಲಿಲ್ಲ.

ವೈಂಡರ್ ದಿನಾ ಅಂಗಡಿಗೆ ಹೋಗುವ ಮುಂಚೆ ಅಲ್ಲಿಗೆ ಬರುವನು. ಅಕ್ಕ ಕಾಫಿ ಕೊಡುವಳು, ಸಕ್ಕರೆ ಸಾಕಾ ಎಂದು ಕೇಳುವಳು. ಆ ಶನಿವಾರದ ಮಾತು ಒಂದು ದಿನವೂ ಎತ್ತಲಿಲ್ಲ. ಅವನಿಗೆ ಅದನ್ನು ತಡೆಯಲಾಗಲಿಲ್ಲ. ಒಂದು ಬೆಳಿಗ್ಗೆ ಅಡಿಗೆಮನೆಯ ಬಾಗಿಲಲ್ಲಿ ನಿಂತು, "ಒಂದ್ಸಲ ಬೈದುಬಿಡೇ ಅಕ್ಕ. ಪೊರಕೆ ತಗೊಂಡು ಹೊಡಿ ಬೇಕಾದ್ರೆ" ಎಂದ.

ಅವಳು ಪಾತ್ರೆ ತೊಳೆಯುವುದನ್ನು ನಿಲ್ಲಿಸಲಿಲ್ಲ. "ಬೈದ್ರೆ ನಿನಗೆ ಹಗುರಾಗುತ್ತೆ ಕಣೋ" ಎಂದಳು. "ಅದಕ್ಕೇ ಬೈಯಲ್ಲ."

ಆಮೇಲೆ ಅವನಿಗೆ ಒಂದೇ ಹಟ ಹಿಡಿಯಿತು. ಭಾವ ಇನ್ನೊಂದು ಸಲ ಕಾರು ಓಡಿಸಬೇಕು. ಕೈಲಾದದ್ದು ಅದೊಂದೇ, ಗೊತ್ತಿದ್ದದ್ದೂ ಅದೊಂದೇ. ಹಗಲು ಗಿರಾಕಿಗಳ ಪಂಪುಗಳನ್ನು ಪಕ್ಕಕ್ಕೆ ಸರಿಸಿ, ಆ ಎರಡು ಸಾವಿರದ ನಾನೂರರ ಮೋಟರನ್ನು ಬಿಚ್ಚಿದ. ಹಳೆಯ ತಂತಿ ಕಿತ್ತು, ಕೂದಲಿನಂಥ ತಂತಿಯಲ್ಲಿ ಹೆಚ್ಚು ಸುತ್ತು ಹಾಕಿ, ಎಂಟುನೂರಕ್ಕೆ ಇಳಿಸಿದ. ಸುತ್ತು ಹೆಚ್ಚಿದಷ್ಟೂ ಮೋಟರ್ ಸಾಧುವಾಗುತ್ತದೆ. ಮೂರು ಸಲ ಸುತ್ತಿ ಮೂರು ಸಲ ಬಿಚ್ಚಿದ. ಕಂಟ್ರೋಲರಿನಲ್ಲಿ ಹೇಗೆ ಕೂರಿಸಿದನೆಂದರೆ, ಟ್ರಿಗರನ್ನು ಮುಟ್ಟಿದರೆ ಸಾಕು, ಮಗು ನಡೆಯುವಷ್ಟು ಒಂದೇ ವೇಗದಲ್ಲಿ ಕಾರು ಹೋಗುತ್ತಲೇ ಇರಬೇಕು. ಎಡಗೈಯ ಕೆಲಸವೂ ಬೇಡವೆಂದು ಕಾರಿನ ಮುಂದಿನ ಚಕ್ರಗಳನ್ನು ಸ್ವಲ್ಪ ಓರೆಯಾಗಿಯೇ ಬಿಗಿದ, ತಾನಾಗಿ ಸುತ್ತು ಹೊಡೆಯಲಿ ಅಂತ. ಅಂಗಡಿಯ ನೆಲದ ಮೇಲೆ ಬಿಟ್ಟು ನೋಡಿದಾಗ ಅದು ಚೂರೂ ಅಲುಗದೆ ಓಡಿತು. ಅವನ ಕಣ್ಣಲ್ಲಿ ನೀರು ಬಂತು. ಇಷ್ಟು ನಯವಾದ ಮೋಟರನ್ನು ಅವನು ಜನ್ಮದಲ್ಲಿ ಸುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಭಾವನನ್ನು ಅಂಗಳಕ್ಕೆ ಕರೆತಂದು ಕುರ್ಚಿಯಲ್ಲಿ ಕೂರಿಸಿ, ರಿಮೋಟನ್ನು ಅವರ ಬಲಗೈಗೆ ಹಿಡಿಸಿ, ಬೆರಳನ್ನು ಅವರೇ ಟ್ರಿಗರಿನ ಮೇಲೆ ಇಟ್ಟುಕೊಳ್ಳಲಿ ಎಂದು ಕಾದ. ಭಾವ ನೋಡಿಕೊಂಡು ನೋಡಿಕೊಂಡು ಇಟ್ಟರು. ಕಾರು ಹೊರಟಿತು. ಅಕ್ಕ ಬಾಗಿಲಿಗೆ ಬಂದು ನಿಂತಳು.

ಕಾರು ಒಂದು ಸುತ್ತು ಬಂತು. ಭಾವನ ಮುಖ ಸ್ವಲ್ಪ ಅರಳಿತು.

"ನಾನು ಒತ್ತಿದ್ನೇನೋ?"

"ಒತ್ತಿದ್ರಿ ಭಾವ."

"ನನಗೆ ಗೊತ್ತೇ ಆಗಲಿಲ್ಲ." ಇನ್ನೊಂದು ಸುತ್ತು ಆಯಿತು. "ಜೋರಾಗಿ ಒತ್ತಿದ್ರೆ ಜೋರಾಗಿ ಹೋಗುತ್ತಾ?"

"ಇಲ್ಲ ಭಾವ. ಇಷ್ಟೇ ಹೋಗುತ್ತೆ."

"ಮೆಲ್ಲಗೆ ಒತ್ತಿದ್ರೆ?"

"ಇಷ್ಟೇ."

ಭಾವ ಕಾರನ್ನೇ ನೋಡುತ್ತಾ ಕೂತರು. ಅದು ಅಂಗಳದಲ್ಲಿ ಸುತ್ತುತ್ತಲೇ ಇತ್ತು.

"ಹಾಗಾದ್ರೆ ಇದನ್ನ ನಾನ್ಯಾಕೆ ಹಿಡ್ಕೊಂಡು ಕೂತಿದ್ದೀನಿ?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ನೀನು ಆ ಎಂಟು ತಿಂಗಳೂ ಇದನ್ನೇ ಮಾಡಿದ್ದು ಅಲ್ವೇನೋ. ನನ್ನ ಕೈ ಹಾಳಾದಷ್ಟೂ ನೀನು ಕಾರನ್ನ ನಯ ಮಾಡ್ತಾ ಬಂದೆ. ಓಡಿಸ್ತಿರೋನು ನಾನೇ ಅಂದ್ಕೊಂಡಿದ್ದೆ ನಾನು."

ತಪ್ಪಾಯಿತು ಅನ್ನುವ ಮಾತು ವೈಂಡರನ ನಾಲಗೆಯ ತುದಿಗೆ ಬಂದು, ಅದರಿಂದ ಯಾರಿಗೆ ಏನು ಬಂತು ಅನ್ನಿಸಿ ಒಳಗೇ ಉಳಿಯಿತು. ಅಕ್ಕ ಬಾಗಿಲಿನಿಂದ ಒಳಗೆ ಹೋದಳು.

"ಸಾಕು, ನಿಲ್ಲಿಸು" ಎಂದರು ಭಾವ.

"ಬೆರಳು ತೆಗೀರಿ ಭಾವ, ನಿಲ್ಲುತ್ತೆ."

"ತೆಗೆದಿದ್ದೀನಲ್ಲ."

ತೆಗೆದಿರಲಿಲ್ಲ. ಬೆರಳು ಟ್ರಿಗರಿನ ಮೇಲೆ ಕೊಕ್ಕೆ ಹಾಕಿದಂತೆ ಹಾಗೇ ಇತ್ತು, ಅವರಿಗೆ ಗೊತ್ತಿರಲಿಲ್ಲ. ವೈಂಡರ್ ಅವರ ಕಾಲ ಬಳಿ ಕುಕ್ಕರುಗಾಲಲ್ಲಿ ಕೂತು, ಎರಡೂ ಕೈಯಿಂದ ಆ ಬೆರಳನ್ನು ಹಿಡಿದು, ಮೆಲ್ಲಗೆ ಬಿಡಿಸಿದ. ಕಾರು ನಿಂತಿತು. ಇಷ್ಟು ದಿನಗಳಲ್ಲಿ ಅವನು ಆ ಬೆರಳನ್ನು ಮುಟ್ಟಿ ನೋಡಿದ್ದು ಅದೇ ಮೊದಲು. ಅದು ತಣ್ಣಗಿತ್ತು.